ಬಾರ್ಲಿಯೊಳಗೆ ಓಟ್ಸ್ ಹುಡುಕುವ ಬೋಡಿಲ್

ಮದುವೆಯಾಗಿ ಲಾಂಗೆಲಾಂಡ್ ದ್ವೀಪಕ್ಕೆ ಬಂದ ಎರಡನೇ ಬೇಸಿಗೆಯಲ್ಲಿ ಬೋಡಿಲ್ ಕ್ರಾಗ್ ಪಕ್ಕದ ಹೊಲದ ಯಜಮಾನರಿಗೆ ಒಂದು ಮಾತು ಕೊಟ್ಟರು. "ಲಾವ್ರಿಟ್ಸ್, ನಿಮ್ಮ ಗುಡ್ಡ ಮೊದಲು ಹೇಗಿತ್ತೋ ಹಾಗೇ ಚೊಕ್ಕ ಮಾಡಿ ನಿಮ್ಮ ಕೈಗೇ ವಾಪಸ್ ಕೊಡ್ತೀನಿ. ಒಂದೇ ಒಂದು ಕಳೆ ಗಿಡ ಇರಲ್ಲ ಅದರಲ್ಲಿ." ಆಗ ಅವರಿಗೆ ಇಪ್ಪತ್ತಮೂರು ವರ್ಷ. ಹುರುಪಿನಲ್ಲಿ "ಎರಡು ಬೇಸಿಗೆ ಸಾಕು" ಎಂದೂ ಸೇರಿಸಿಬಿಟ್ಟರು. ಲಾವ್ರಿಟ್ಸ್ ಬಾಯಲ್ಲಿದ್ದ ಪೈಪು ತೆಗೆಯದೆ ನಕ್ಕರಂತೆ. ಈಗ ಬೋಡಿಲ್‌ಗೆ ಅರವತ್ತೇಳು, ಲಾವ್ರಿಟ್ಸ್‌ಗೆ ತೊಂಬತ್ತೆರಡು. ಆ ಗುಡ್ಡ ಇನ್ನೂ ಬೋಡಿಲ್ ಕೈಯಲ್ಲೇ ಇದೆ.

ಜುಲೈ ತಿಂಗಳ ಬೆಳಗಿನ ಜಾವ. ಬಂದರಿನ ಕಡೆಯ ಬಾರ್ಲಿ ಹೊಲದಲ್ಲಿ ಇಬ್ಬನಿ ಸೊಂಟದ ಮಟ್ಟಕ್ಕೆ ನಿಂತಿದೆ. ಮೇಲೆ ಮಳೆಕೋಟಿನ ಪ್ಯಾಂಟು, ಕೆಳಗೆ ರಬ್ಬರ್ ಬೂಟು, ತಲೆಗೆ ಗಂಡನ ಹಳೆಯ ಕ್ಯಾಪು. ಹೆಗಲಿಗೆ ಅಡ್ಡಲಾಗಿ ಒಂದು ಗೊಬ್ಬರದ ಖಾಲಿ ಚೀಲ. ಬೋಡಿಲ್ ಸೂರ್ಯನಿಗೆ ಮುಖ ಮಾಡಿ ನಡೆಯುತ್ತಾರೆ. ಬಿಸಿಲು ನೆತ್ತಿಗೇರಿದರೆ ಈ ಕೆಲಸ ಆಗುವುದಿಲ್ಲ. ಬಿಸಿಲು ಅಡ್ಡಡ್ಡ ಬೀಳುವಾಗ ಮಾತ್ರ ಬಾರ್ಲಿಯ ಮೀಸೆಗಳ ಮೇಲೆ, ಒಂದು ಗೇಣು ಎತ್ತರದಲ್ಲಿ, ಸಣ್ಣ ಗಂಟೆಗಳ ಹಾಗೆ ಜೋತುಬಿದ್ದ ತೆನೆಗಳು ಮಿರುಗುತ್ತವೆ. ಅದೇ ಅವರು ಹುಡುಕುವ ಕಳೆ, ಕಾಡು ಓಟ್ಸ್.

"ಬೋಡಿಲ್, ಎಡಗಡೆ! ಅಳಿಯ ನಿಂತಿದ್ದಾನೆ ನೋಡು," ಎಂದು ಪಕ್ಕದ ಸಾಲಿನಿಂದ ವರ್ನರ್ ಕೂಗುತ್ತಾರೆ.

ವರ್ನರ್ ಮೊದಲು ದೋಣಿಸೇವೆಯಲ್ಲಿ ಟಿಕೆಟ್ ಹರಿಯುತ್ತಿದ್ದವರು. ಪಕ್ಕದ ದ್ವೀಪದಿಂದ ಆಚೆಗೆ ದೊಡ್ಡ ಸೇತುವೆ ಬಂದು ಆ ದೋಣಿ ನಿಂತ ಮೇಲೆ ಏನೇನೋ ಮಾಡಿ, ಕೊನೆಗೆ ಬೋಡಿಲ್ ಜೊತೆಗೆ ಹೊಲ ನಡೆಯಲು ಬಂದರು. ಕೆಂಪು ಹಸಿರು ವ್ಯತ್ಯಾಸ ಅವರಿಗೆ ಕಾಣುವುದಿಲ್ಲ. "ಅದಕ್ಕೇ ಇವನನ್ನ ಇಟ್ಕೊಂಡಿದೀನಿ. ಬಣ್ಣ ಕಾಣದವನ ಕಣ್ಣಿಗೆ ಆಕಾರ ಬೇಗ ಬೀಳುತ್ತೆ," ಎಂದು ಬೋಡಿಲ್ ಹೇಳಿದರೆ, "ಇಟ್ಕೊಂಡಿದೀಯಾ? ನಾನೇನು ನಿನ್ನ ನಾಯೀನಾ?" ಎಂದು ವರ್ನರ್ ಮುಖ ಊದಿಸುತ್ತಾರೆ.

"ನಾಯಿ ಆಗಿದ್ರೆ ಇಷ್ಟು ಮಾತಾಡ್ತಿರಲಿಲ್ಲ."

ಕಳೆಗೆ ಅಳಿಯ ಎಂಬ ಹೆಸರಿಟ್ಟವರು ವರ್ನರ್. ಇಬ್ಬರು ಹೆಣ್ಣುಮಕ್ಕಳ ತಂದೆ ಅವರು. "ಉದ್ದಕ್ಕೆ ಇದ್ದಾನೆ. ತಲೆ ಬಗ್ಗಿಸ್ಕೊಂಡು ಒಳ್ಳೆಯವನ ಹಾಗೆ ನಿಂತಿರ್ತಾನೆ. ಕೆಳಗೆ ನೋಡಿದ್ರೆ ಪಕ್ಕದವರ ಊಟ ಎಲ್ಲ ಖಾಲಿ. ಅಳಿಯ ಅಲ್ದೆ ಇನ್ನೇನು?"

ಬೋಡಿಲ್ ಬಗ್ಗುತ್ತಾರೆ. ತೆನೆ ಹಿಡಿದು ಎಳೆಯುವುದಿಲ್ಲ. ಹಾಗೆಳೆದರೆ ಗಿಣ್ಣಿನಲ್ಲಿ ತುಂಡಾಗುತ್ತದೆ, ಬುಡದಲ್ಲಿ ಉಳಿದದ್ದು ಎರಡು ವಾರದಲ್ಲಿ ಮತ್ತೆ ತೆನೆ ಬಿಡುತ್ತದೆ. ಬೆರಳುಗಳನ್ನು ಬಾರ್ಲಿಯ ನಡುವೆ ಕೆಳಗಿಳಿಸಿ, ಬುಡ ತಡವಿ, ಆ ಬುಡಕ್ಕೆ ಸೇರಿದ ಮರಿಗಳನ್ನೆಲ್ಲ ಒಟ್ಟಿಗೆ ಹಿಡಿದು, ನಿಧಾನಕ್ಕೆ ಬೇರುಸಮೇತ ಮೇಲೆತ್ತುತ್ತಾರೆ. ಮಣ್ಣು ಕೊಡವಿ, ತೆನೆ ಕೆಳಗಾಗಿ ಮಡಿಸಿ ಚೀಲಕ್ಕೆ ತುರುಕುತ್ತಾರೆ. ಬದುವಿನ ಮೇಲೆ ಎಸೆಯುವಂತಿಲ್ಲ, ದಾರಿಯಲ್ಲಿ ಬೀಳಿಸುವಂತಿಲ್ಲ. ಕಿತ್ತು ಬಿಸಾಡಿದ ಗಿಡದಲ್ಲೂ ಹಸಿರು ಕಾಳು ಬಲಿಯಬಲ್ಲದು. ಸಂಜೆ ಮನೆಗೆ ಹೋದ ಮೇಲೆ ಕಬ್ಬಿಣದ ಪೀಪಾಯಿಯಲ್ಲಿ ಹಾಕಿ ಸುಡಬೇಕು.

ಊರಿನವರು ಇದನ್ನು ‘ಹಾರುವ ಓಟ್ಸ್’ ಅನ್ನುತ್ತಾರೆ. ನಿಜವಾಗಿ ಇದು ಹಾರುವುದಿಲ್ಲ, ತೆವಳುತ್ತದೆ. ಪ್ರತಿ ಕಾಳಿನ ಬೆನ್ನಿಗೂ ಮಡಿಸಿದ ಮೊಣಕೈಯಂಥ ಒಂದು ಗಡುಸು ಕೂದಲಿದೆ. ಇಬ್ಬನಿಯಲ್ಲಿ ನೆನೆದಾಗ ಅದು ಬಿಚ್ಚಿಕೊಳ್ಳುತ್ತದೆ, ಒಣಗಿದಾಗ ತಿರುಚಿಕೊಳ್ಳುತ್ತದೆ. ಹೀಗೆ ಬಿಚ್ಚಿ ತಿರುಚಿ ಕಾಳು ತಾನೇ ಮಣ್ಣಿನ ಬಿರುಕು ಹುಡುಕಿಕೊಂಡು ಹೋಗಿ ತಲೆ ತೂರಿಸುತ್ತದೆ. ಮನೆಗೆ ನೆಂಟರು ಬಂದರೆ ಬೋಡಿಲ್ ಅಡುಗೆಮನೆ ಮೇಜಿನ ಮೇಲೆ ಒಂದು ಕಾಳಿಟ್ಟು ಮೇಲೆ ಒಂದು ಹನಿ ನೀರು ಬಿಡುತ್ತಾರೆ. ಕಾಳು ಮೆಲ್ಲಗೆ ಹೊರಳುತ್ತದೆ. ಮಕ್ಕಳು ಕಿರುಚುತ್ತಾರೆ, ದೊಡ್ಡವರು ಕಾಫಿ ಬಟ್ಟಲು ಈಚೆಗೆ ಎಳೆದುಕೊಳ್ಳುತ್ತಾರೆ. ಆಟ ಮುಗಿದ ಮೇಲೆ ಆ ಕಾಳನ್ನು ಒಲೆಗೆ ಹಾಕುವುದನ್ನು ಬೋಡಿಲ್ ಒಮ್ಮೆಯೂ ಮರೆತಿಲ್ಲ.

ಇದರ ಇನ್ನೊಂದು ಜಾಣತನವೆಂದರೆ ಅವಸರ. ಬಾರ್ಲಿ ಹಣ್ಣಾಗುವ ಮೊದಲೇ ಇದು ಬಲಿತು ಕಾಳು ಉದುರಿಸಿಬಿಡುತ್ತದೆ. ಕುಯ್ಲಿಗೆ ಬಂದ ರೈತನಿಗೆ ಬರಿಯ ಒಣಕಡ್ಡಿ ಸಿಗುತ್ತದೆ. ಉದುರಿದ ಕಾಳು ಮಣ್ಣಿನಾಳಕ್ಕೆ ಸೇರಿದರೆ ವರ್ಷಗಟ್ಟಲೆ ನಿದ್ದೆ ಮಾಡಿ, ಬೇಕಾದಾಗ ಏಳುತ್ತದೆ. ಔಷಧಿ ಹೊಡೆದರೆ ಮೊದಲು ಮೊಳೆತವು ಸಾಯುತ್ತವೆ, ತಡವಾಗಿ ಎದ್ದವು ಬದುಕುತ್ತವೆ. ಹಾಗೆ ಬದುಕಿದವನ್ನು ಕೀಳಲು ಮನುಷ್ಯನ ಕಾಲು, ಕಣ್ಣು, ಬೆರಳೇ ಆಗಬೇಕು. ಜೂನ್ ಕೊನೆಯಿಂದ ಕುಯ್ಲಿನವರೆಗೆ ದ್ವೀಪದ ಹತ್ತು ಹನ್ನೆರಡು ರೈತರ ಹೊಲಗಳಲ್ಲಿ ಬೋಡಿಲ್ ಮತ್ತು ವರ್ನರ್ ದಿನಕ್ಕೆ ಹದಿನೈದು ಕಿಲೋಮೀಟರಿಗೆ ಕಮ್ಮಿಯಿಲ್ಲದಂತೆ ನಡೆಯುತ್ತಾರೆ. ಮಿಕ್ಕ ತಿಂಗಳು ಬೋಡಿಲ್ ಶಾಲೆಯ ಅಡುಗೆಮನೆಯಲ್ಲಿದ್ದರು. ಅಲ್ಲಿಂದ ನಿವೃತ್ತಿಯಾಯಿತು, ಹೊಲದಿಂದ ಆಗಿಲ್ಲ.

ಹೊಲದ ಮೂಲೆಯಲ್ಲಿ ತಿಂಡಿ. ರೈ ಬ್ರೆಡ್ಡಿನ ಮೇಲೆ ಹಿಂದಿನ ದಿನದ ಬೇಯಿಸಿದ ಆಲೂಗೆಡ್ಡೆ, ಅದರ ಮೇಲೆ ಉಪ್ಪು, ಹೆಚ್ಚಿದ ಈರುಳ್ಳಿ ಸೊಪ್ಪು. ಕೂರುವಾಗ ಬೋಡಿಲ್ ಒಂದು ಕೈ ವರ್ನರ್ ಹೆಗಲಿಗೆ, ಇನ್ನೊಂದು ಕೈ ಬೇಲಿ ಗೂಟಕ್ಕೆ ಕೊಡುತ್ತಾರೆ. ಬಲಮಂಡಿ ಸವೆದುಹೋಗಿದೆ. ಅಕ್ಟೋಬರಿನಲ್ಲಿ ಆಪರೇಷನ್.

"ಡಾಕ್ಟರು ಹೊಸ ಮಂಡಿ ಹಾಕ್ತಾರಂತೆ. ಗುಡ್ಡ ಗಿಡ್ಡ ಹತ್ತೋದು ಒಂದು ವರ್ಷ ಬೇಡ ಅಂದಿದಾರೆ," ಎಂದು ಬೋಡಿಲ್ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾರೆ. "ಅದಕ್ಕೇ ಈ ಸಲ ಮುಗೀಬೇಕು."

ಮುಗಿಯಬೇಕಾದ್ದು ಟೋಪಿಗುಡ್ಡದ ಲೆಕ್ಕ.

ಲಾಂಗೆಲಾಂಡಿನ ಹೊಲಗಳ ನಡುವೆ ಕವುಚಿ ಹಾಕಿದ ಟೋಪಿಗಳ ಹಾಗೆ ದುಂಡನೆ ಗುಡ್ಡಗಳಿವೆ. ಲಾವ್ರಿಟ್ಸ್ ಅವರದು ಅದರಲ್ಲಿ ಒಂದು. ನೆತ್ತಿಯಲ್ಲಿ ನಿಂತರೆ ಎರಡೂ ಕಡೆ ಸಮುದ್ರ ಕಾಣುತ್ತದೆ. ಒಂದು ಕಾಲಕ್ಕೆ ಆ ಗುಡ್ಡದ ಬಾರ್ಲಿ ಊಟಕ್ಕೂ ಹೋಗುತ್ತಿರಲಿಲ್ಲ, ಬಿಯರಿಗೂ ಹೋಗುತ್ತಿರಲಿಲ್ಲ. ಬಿತ್ತನೆ ಬೀಜಕ್ಕೆಂದೇ ಬೆಳೆಯುತ್ತಿದ್ದರು. ಬೀಜದ ಹೊಲವೆಂದರೆ ಇಲ್ಲಿ ಒಂದು ಗತ್ತು. ಲಾವ್ರಿಟ್ಸ್ ಭಾನುವಾರ ಮಧ್ಯಾಹ್ನ ಕೈ ಹಿಂದೆ ಕಟ್ಟಿಕೊಂಡು ಅಲ್ಲಿ ತಿರುಗುತ್ತಿದ್ದರು. ಹೊಲದಲ್ಲಿ ಕೆಲಸ ಇರಲಿಲ್ಲ. ನೋಡುವುದೇ ಕೆಲಸ.

ಅದನ್ನು ಕೆಡಿಸಿದವರು ಬೋಡಿಲ್.

ಹೊಸ ಸೊಸೆ, ಸ್ವಂತ ಸಂಪಾದನೆಯ ಆಸೆ. ಮನೆ ಹಿಂದಿನ ತುಂಡು ನೆಲದಲ್ಲಿ ಸ್ಟ್ರಾಬೆರಿ ಹಾಕಿದರು. ಹಣ್ಣು ಮಣ್ಣಿಗೆ ತಾಗದಂತೆ ಕೆಳಗೆ ಒಣಹುಲ್ಲು ಹಾಸಬೇಕು. ಆ ವರ್ಷ ದ್ವೀಪದ ಹುಲ್ಲೆಲ್ಲ ಮಳೆಗೆ ಸಿಕ್ಕಿ ಕಪ್ಪಾಗಿತ್ತು. ಬೋಡಿಲ್ ಸೇತುವೆ ದಾಟಿ ಪಕ್ಕದ ಫೂನ್ ದ್ವೀಪದಿಂದ ಒಂದು ಟ್ರೇಲರ್ ಹುಲ್ಲು ತಂದರು. ಹಳದಿ ಬಣ್ಣದ, ಗರಿಗರಿ ಹುಲ್ಲು. ಚಳಿಗಾಲದ ಪಡುವಣ ಗಾಳಿ ಅದರಲ್ಲಿ ಅರ್ಧವನ್ನು ಎತ್ತಿ ಗುಡ್ಡಕ್ಕೆ ಹರಡಿತು. ಮುಂದಿನ ಬೇಸಿಗೆ ಒಂದು ಬೆಳಿಗ್ಗೆ ಲಾವ್ರಿಟ್ಸ್ ಅಡುಗೆಮನೆ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಉದ್ದನೆಯ ಒಂದು ಗಿಡ.

"ಬಯ್ಯಲಿಲ್ಲ ಕಣ್ರೀ. ಬೈದಿದ್ರೆ ನಾನೂ ಏನೋ ಒಂದು ತಿರುಗಿ ಅಂದು ಮರೆತುಬಿಡ್ತಿದ್ದೆ," ಎಂದು ಬೋಡಿಲ್ ನೆನೆಯುತ್ತಾರೆ. "ಕ್ಯಾಪ್ ತೆಗೆದು ನಿಂತ್ಕೊಂಡು, ‘ಇದು ನಿನ್ನ ಹುಲ್ಲಿಂದ ಬಂತಾ ಮಗಳೇ?’ ಅಂತ ಕೇಳಿದ್ರು. ಅಷ್ಟೇ. ನನ್ನ ಬಾಯಿಂದ ಆ ಮಾತು ತಾನಾಗೇ ಬಂದುಬಿಡ್ತು."

ಕಳೆ ಕಂಡ ಹೊಲದ ಹೆಸರು ಸರ್ಕಾರದ ಪಟ್ಟಿಗೆ ಸೇರಿತು. ಬೀಜದ ಕಂಪನಿ ಕೈಬಿಟ್ಟಿತು. ಮೊದಲ ಬೇಸಿಗೆಗಳಲ್ಲಿ ಊರಿನ ಶಾಲೆ ಮಕ್ಕಳೆಲ್ಲ ಸಾಲಾಗಿ ಗುಡ್ಡ ಹತ್ತಿದರು. ಕಿತ್ತ ಕಳೆ ಟ್ರೇಲರ್ ತುಂಬ ಇಳಿಯಿತು. ಮಾರನೇ ವರ್ಷ ಅಷ್ಟೇ ಹುಟ್ಟಿತು. ಎರಡು ಬೇಸಿಗೆ ಹೋಗಿ ಹತ್ತಾಯಿತು. ಟ್ರೇಲರ್ ಹೋಗಿ ಮೂಟೆಗಳಾದವು, ಮೂಟೆ ಹೋಗಿ ಒಂದು ಚೀಲವಾಯಿತು, ಆಮೇಲೆ ಒಂದು ತೋಳಿನಷ್ಟು.

ಬರೀ ಕಿತ್ತದ್ದರಿಂದ ಇಷ್ಟು ಇಳಿಯಲಿಲ್ಲ. ಲಾವ್ರಿಟ್ಸ್ ಮಗ ಎಸ್ಕಿಲ್ ಹೊಲ ವಹಿಸಿಕೊಂಡ ಮೇಲೆ ಬೋಡಿಲ್‌ಗೂ ಅವರಿಗೂ ಪ್ರತಿ ವರ್ಷ ಒಂದು ಜಗಳ ಕಡ್ಡಾಯವಾಯಿತು. ಕುಯ್ಲು ಮುಗಿದ ತಕ್ಷಣ ಉತ್ತು ಹೊಲವನ್ನು ಕಪ್ಪಗೆ, ಅಂದವಾಗಿ ಇಡುವುದು ಎಸ್ಕಿಲ್ ಅವರ ಚಪಲ. ಉತ್ತರೆ ಉದುರಿದ ಕಾಳು ಆಳಕ್ಕೆ ಹೋಗಿ ಬೆಚ್ಚಗೆ ಮಲಗುತ್ತದೆ. ಕೂಳೆಯನ್ನು ಹಾಗೇ ಬಿಟ್ಟರೆ ಕಾಳು ಮೇಲೇ ಇದ್ದು ಹಕ್ಕಿಗೆ, ಇಲಿಗೆ, ಚಳಿಗೆ ಸಿಗುತ್ತದೆ.

ಒಂದು ವರ್ಷ ಬೋಡಿಲ್ ಟ್ರ್ಯಾಕ್ಟರಿನ ಮುಂದೆ ನಿಂತೇ ಬಿಟ್ಟರು. "ಎಸ್ಕಿಲ್, ನೇಗಿಲು ಇಳಿಸಿದ್ರೆ ನಾನಿಲ್ಲೇ ಮಲಗ್ತೀನಿ ನೋಡು."

"ಮಲಗು ಪರವಾಗಿಲ್ಲ. ನಿನ್ನ ಸುತ್ತ ಉಳ್ತೀನಿ."

"ನಿಮ್ಮಪ್ಪನ್ನ ಕರೀಲಾ?"

ಎಸ್ಕಿಲ್ ನೇಗಿಲು ಎತ್ತಿದರು. ಆ ಶರತ್ಕಾಲ ಗುಡ್ಡದ ಮೇಲೆ ಪಾರಿವಾಳಗಳು ಇಳಿದದ್ದೇ ಇಳಿದದ್ದು. "ಅಪ್ಪನ ಹೊಲ, ಬೋಡಿಲ್ ಹಕ್ಕಿ, ನಾನು ಬರೀ ಡ್ರೈವರ್," ಎಂದು ಎಸ್ಕಿಲ್ ಈಗಲೂ ಗೊಣಗುತ್ತಾರೆ. ಆದರೆ ಅವರೇ ಮುಂದೆ ಇನ್ನೂ ಎರಡು ಉಪಾಯ ಸೇರಿಸಿದರು. ವಸಂತದಲ್ಲಿ ಬಿತ್ತುವ ಮೊದಲು ಹೊಲವನ್ನು ಹದಮಾಡಿ ಸುಮ್ಮನೆ ಬಿಡುವುದು. ಬಿತ್ತನೆಯಾಯಿತೆಂದು ನಂಬಿ ಕಳೆ ಮೊಳೆಯುತ್ತದೆ. ಆಗ ಮೇಲುಮೇಲೆ ಕುಂಟೆ ಹೊಡೆದು ಅದನ್ನು ಕೊಂದು, ಆಮೇಲೆ ಬಾರ್ಲಿ ಬಿತ್ತುವುದು. ಕೆಲವು ವರ್ಷ ಬಾರ್ಲಿಯನ್ನೇ ಬಿಟ್ಟು ಹುಲ್ಲು, ಕ್ಲೋವರ್ ಹಾಕಿ, ಯಾವುದಕ್ಕೂ ಕಾಳು ಕಟ್ಟಲು ಬಿಡದೆ ಹಸಿರಿರುವಾಗಲೇ ಕೊಯ್ದು ಹಸುಗಳಿಗೆ ಹಾಕುವುದು. ಇನ್ನು ಕಟಾವು ಯಂತ್ರ ಬೇರೆಯವರ ಹೊಲದಿಂದ ಬಂದರೆ ಅದು ಗುಡ್ಡಕ್ಕೆ ಕಾಲಿಡುವ ಮೊದಲು ವರ್ನರ್ ಅದರ ಹೊಟ್ಟೆಯೊಳಗೆ ತೂರಿ ಬ್ರಷ್ಷಿನಿಂದ ಗುಡಿಸುತ್ತಾರೆ. "ಹಲ್ಲುಜ್ಜಿಸೋದು" ಎಂದು ಅದಕ್ಕೆ ಹೆಸರು.

ಇಷ್ಟಾದರೂ ಊರಿಗೆಲ್ಲ ಬೋಡಿಲ್ ಯಾರೆಂದು ಗೊತ್ತಾದದ್ದು ಹೊಲದಿಂದಲ್ಲ, ಚರ್ಚಿನಿಂದ. ಕೆಲವು ವರ್ಷದ ಹಿಂದೆ ಆರ್ಹುಸ್ ನಗರದಿಂದ ಸಿಗ್ನೆ ಎಂಬ ಹೊಸ ಪಾದ್ರಿ ಬಂದರು. ಸುಗ್ಗಿಯ ಪ್ರಾರ್ಥನೆಗೆ ಇಲ್ಲಿ ತೆನೆ ಕಟ್ಟುಗಳಿಂದ ಚರ್ಚನ್ನು ಸಿಂಗರಿಸುತ್ತಾರೆ. ಸಿಗ್ನೆ ಹುಮ್ಮಸ್ಸಿನಿಂದ ಸೈಕಲ್ ಹತ್ತಿ, ಬಂದರಿನ ರಸ್ತೆ ಬದಿಯಲ್ಲಿ ಬಳುಕುತ್ತಿದ್ದ ಹುಲ್ಲನ್ನು ಕೊಯ್ದು ತಂದು, ಗಸಗಸೆ ಹೂವಿನ ಜೊತೆ ಕಟ್ಟಿ, ಪೂಜಾಪೀಠದ ಮೇಲಿಟ್ಟರು. ಎಲ್ಲರೂ ಎದ್ದು ಹಾಡುತ್ತಿದ್ದಾರೆ. ಎರಡನೇ ಚರಣದ ನಡುವೆ ಬೋಡಿಲ್ ಬೆಂಚಿನಿಂದ ಹೊರಬಂದು ನೇರ ಮುಂದಕ್ಕೆ ನಡೆದರು. ಕೋಟಿನ ಜೇಬಿನಿಂದ ಪ್ಲಾಸ್ಟಿಕ್ ಚೀಲ ತೆಗೆದು, ಹೂಗುಚ್ಛವನ್ನು ತಲೆಕೆಳಗಾಗಿ ಅದರೊಳಗೆ ಇಳಿಸಿ ಗಂಟು ಹಾಕಿದರು. ಆರ್ಗನ್ ನಿಂತಿತು.

"ಬೋಡಿಲ್, ಏನಾಯ್ತು? ಹುಷಾರಿಲ್ವಾ?" ಸಿಗ್ನೆ ಗಾಬರಿಯಾದರು.

"ನಂಗೇನಿಲ್ಲ ಸಿಗ್ನೆ. ನಿನ್ನ ಹೂಗುಚ್ಛಕ್ಕೆ ಹುಷಾರಿಲ್ಲ."

ಮುಂದಿನ ಬೆಂಚಿನಲ್ಲಿದ್ದ, ಕಿವಿ ಮಂದವಾದ ಲಾವ್ರಿಟ್ಸ್ ಎದ್ದುನಿಂತು, "ಯಾರು ಹೋದ್ರು?" ಎಂದು ಇಡೀ ಚರ್ಚಿಗೆ ಕೇಳುವಂತೆ ವಿಚಾರಿಸಿದರು. ಆಮೇಲೆ ಪ್ರಾರ್ಥನೆ ನಡೆಯಿತೋ ಇಲ್ಲವೋ ಯಾರಿಗೂ ಸರಿಯಾಗಿ ನೆನಪಿಲ್ಲ. ಸಿಗ್ನೆಗೇ ಎಲ್ಲರಿಗಿಂತ ಜಾಸ್ತಿ ನಗು ಬಂತು. ಕಾಫಿ ಹೊತ್ತಿನಲ್ಲಿ ಅವರು, "ಅಷ್ಟು ಚೆಂದದ ಹುಲ್ಲು ಇಲ್ಲಿ ಇನ್ನೊಂದಿಲ್ಲ, ಬೋಡಿಲ್," ಎಂದು ಕೊರಗಿದರೆ, "ಚೆಂದಾನೇ ಅದರ ರೋಗ. ಕಳೆ ಅಂತ ಯಾರಿಗೂ ಅನ್ನಿಸಲ್ಲ," ಎಂದರಂತೆ ಬೋಡಿಲ್. ಮರುದಿನ ಬೆಳಿಗ್ಗೆ ಇಬ್ಬರೂ ಸೈಕಲ್ಲಿನಲ್ಲಿ ಹೋಗಿ ಬಂದರಿನ ರಸ್ತೆಯ ಎರಡೂ ಬದಿ ಕಿತ್ತು ಬಂದರು. ಈಗ ಸುಗ್ಗಿಯ ಹೂಗುಚ್ಛ ಕಟ್ಟುವ ಮುನ್ನ ಸಿಗ್ನೆ ಎಲ್ಲವನ್ನೂ ಬೋಡಿಲ್ ಮನೆ ಮೆಟ್ಟಿಲ ಮೇಲೆ ಹರಡಿ ತೋರಿಸುತ್ತಾರೆ.

ಹೋದ ಬೇಸಿಗೆ ಬೋಡಿಲ್ ಟೋಪಿಗುಡ್ಡದಿಂದ ಮೊದಲ ಸಲ ಖಾಲಿ ಚೀಲದೊಂದಿಗೆ ಇಳಿದರು. ತಪಾಸಣೆಗೆ ಬಂದ ಸರ್ಕಾರದವರಿಗೂ ಏನೂ ಸಿಗಲಿಲ್ಲ. ಸತತ ಎರಡು ಬೇಸಿಗೆ ಹೀಗಾದರೆ ಪಟ್ಟಿಯಿಂದ ಹೊಲದ ಹೆಸರು ಹೋಗುತ್ತದೆ. ಬೀಜದ ಕಂಪನಿಯೊಂದು ಎಸ್ಕಿಲ್ ಜೊತೆ ಆಗಲೇ ಮಾತಾಡಿದೆ. ಬರುವ ವಸಂತದಲ್ಲಿ ಗುಡ್ಡಕ್ಕೆ ಮತ್ತೆ ಬೀಜದ ಬಾರ್ಲಿ. ಒಂದು ಗಿಡ ಕಂಡರೂ ಎರಡು ವರ್ಷದ ಎಣಿಕೆ ಮೊದಲಿನಿಂದ ಶುರು. ಒಬ್ಬರಿಗೆ ತೊಂಬತ್ತೆರಡು, ಇನ್ನೊಬ್ಬರಿಗೆ ಮಂಡಿ ಇಲ್ಲ. ಈ ಸಲ ಮುಗೀಬೇಕು ಎಂದು ಬೋಡಿಲ್ ಹೇಳುವುದು ಅದಕ್ಕೆ.

ತಪಾಸಣೆಯ ದಿನ ಗಾಳಿ ಇದೆ, ಬಿಸಿಲೂ ಇದೆ. ತಪಾಸಣೆಗೆ ಬಂದಿರುವ ಫ್ರೋಡೆ ಉದ್ದನೆಯ, ಕಡಿಮೆ ಮಾತಿನ ಆಸಾಮಿ. ಗೇಟಿನ ಬಳಿ ಎಸ್ಕಿಲ್ ಕಾರು ನಿಂತಿದೆ. ಒಳಗೆ ಕಿಟಕಿ ಇಳಿಸಿಕೊಂಡು, ಕಾಲಮೇಲೆ ಕಂಬಳಿ ಹೊದ್ದು ಲಾವ್ರಿಟ್ಸ್ ಕೂತಿದ್ದಾರೆ. ಹೊಸ ಶರ್ಟು ಹಾಕಿದ್ದಾರೆ.

"ಯಾರ ಮದುವೆ?" ಎಂದು ಬೋಡಿಲ್ ಅವರ ಕಿವಿಯ ಹತ್ತಿರ ಬಗ್ಗಿ ಕೇಳುತ್ತಾರೆ.

"ಮದುವೆಗೆ ಈ ಶರ್ಟು ಹಾಕ್ತಿರಲಿಲ್ಲ," ಎನ್ನುತ್ತಾರೆ ಲಾವ್ರಿಟ್ಸ್.

ಫ್ರೋಡೆ ಟ್ರ್ಯಾಕ್ಟರ್ ಜಾಡು ಹಿಡಿದು ಏರುತ್ತಾರೆ, ಇಳಿಯುತ್ತಾರೆ, ಮತ್ತೆ ಏರುತ್ತಾರೆ. ಹಿಂದೆ ಬೋಡಿಲ್, ಅವರ ಹಿಂದೆ ವರ್ನರ್. ಬಾರ್ಲಿ ಗಾಳಿಗೆ ಮಲಗಿ ಏಳುವ ಸದ್ದು ಮಾತ್ರ. ವರ್ನರ್ ಬಾಯಿ ಮುಚ್ಚಿಕೊಂಡಿರುವುದನ್ನು ದ್ವೀಪ ಇದೇ ಮೊದಲು ನೋಡುತ್ತಿದೆ. ಕೊನೆಗೆ ಫ್ರೋಡೆ ಗೇಟಿನ ಬಳಿ ಬಂದು ಬೂಟಿನ ಮಣ್ಣು ಕೆರೆಯುತ್ತಾ, "ನಂಗೇನೂ ಕಾಣಿಸಲಿಲ್ಲ. ಒಳ್ಳೇ ಹೊಲ," ಎನ್ನುತ್ತಾರೆ.

ಎಸ್ಕಿಲ್ ಫ್ರೋಡೆಯ ಕೈ ಹಿಡಿದು ಕುಲುಕಿದ್ದು ಕುಲುಕಿದ್ದೇ. ಲಾವ್ರಿಟ್ಸ್ ಕಿಟಕಿಯಿಂದ ಕೈ ಹೊರಗೆ ಚಾಚುತ್ತಾರೆ. ಬೋಡಿಲ್ ಆ ಕೈಯನ್ನು ಎರಡು ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ಆಮೇಲೆ, "ಅಯ್ಯೋ, ಫ್ಲಾಸ್ಕ್ ಮೇಲೇ ಬಿಟ್ಟೆ," ಎಂದು ಮತ್ತೆ ಗುಡ್ಡದ ಕಡೆ ತಿರುಗುತ್ತಾರೆ. ವರ್ನರ್ ಜೊತೆಗೆ ಹೊರಡುತ್ತಾರೆ.

ಫ್ಲಾಸ್ಕು ನೆತ್ತಿಯಲ್ಲಿ, ಜಾಡು ತಿರುಗುವ ಕಡೆ ಇದೆ. ಅದನ್ನೆತ್ತಿಕೊಂಡು ನೆಟ್ಟಗಾದಾಗ ಗಾಳಿ ಸಮುದ್ರದ ಕಡೆಯಿಂದ ಜೋರಾಗಿ ಬೀಸಿ, ಇಳಿಜಾರಿನ ಬಾರ್ಲಿ ಪೂರ್ತಿ ಒಂದು ಮಗ್ಗುಲಿಗೆ ಹೊರಳುತ್ತದೆ. ಹೊರಳಿದ ಬಾರ್ಲಿಯ ನಡುವೆ ಒಂದು ಕಡ್ಡಿ ಮಾತ್ರ ಹೊರಳದೆ ತಲೆ ತೂಗುತ್ತದೆ.

"ಬೋಡಿಲ್," ಎನ್ನುತ್ತಾರೆ ವರ್ನರ್, ಬಹಳ ಮೆಲ್ಲಗೆ.

"ನೋಡ್ದೆ."

"ಸಾಕಿದ ಓಟ್ಸೇ ಇರಬಹುದು. ಯಾರದೋ ಕುದುರೆ ಮೇವಿಂದ ಬಿದ್ದಿರುತ್ತೆ."

ಬೋಡಿಲ್ ಬಾರ್ಲಿ ತುಳಿಯದಂತೆ ಒಳಗೆ ಹೋಗಿ ಒಂದು ಕಾಳು ಬಿಡಿಸಿ ಅಂಗೈಯಲ್ಲಿಟ್ಟು ನೋಡುತ್ತಾರೆ. ಬುಡದಲ್ಲಿ ಕಂದು ಕೂದಲು. ಬೆನ್ನಿಗೆ ಮಡಿಸಿದ ಮೊಣಕೈ. "ಅಳಿಯಾನೇ," ಎನ್ನುತ್ತಾರೆ.

ಕೆಳಗೆ ಫ್ರೋಡೆ ಕಾರಿನ ಬಾಗಿಲು ತೆಗೆಯುತ್ತಿದ್ದಾರೆ.

"ಹಾಗಿದ್ರೆ ಕಿತ್ತು ಚೀಲಕ್ಕೆ ಹಾಕು, ಮುಗೀತು," ವರ್ನರ್ ಪಿಸುಗುಟ್ಟುತ್ತಾರೆ. "ಕಿತ್ತ ಮೇಲೆ ಇಲ್ಲ ಅಂತಾನೇ ಅರ್ಥ ಅಲ್ವಾ? ಸುಳ್ಳೇನಿದೆ ಅದರಲ್ಲಿ? ನಾನು ಬಾಯಿ ಬಿಡಲ್ಲ."

"ನೀನು? ಬಾಯಿ ಬಿಡಲ್ವಾ?"

"ಈ ಒಂದು ವಿಷಯಕ್ಕೆ ಬಿಡಲ್ಲ ಮಾರಾಯ್ತಿ! ನಿನ್ನ ಮಂಡಿ ನೆನಪು ಮಾಡ್ಕೊ. ಅಲ್ಲಿ ಅಜ್ಜನ ಶರ್ಟ್ ನೋಡು."

ಬೋಡಿಲ್ ಕೆಳಗೆ ನೋಡುತ್ತಾರೆ. ಕಾರಿನ ಕಿಟಕಿಯಲ್ಲಿ ಬಿಳಿ ತೋಳು ಕಾಣುತ್ತಿದೆ. ಬಗ್ಗಿ ಗಿಡದ ಬುಡ ಹಿಡಿಯುತ್ತಾರೆ.

"ಒಂದು ಕಂಡ್ರೆ ಎಲ್ಲೋ ಇನ್ನೊಂದಿರುತ್ತೆ ವರ್ನರ್. ಮುಂದೆ ಈ ಗುಡ್ಡದ ಬಾರ್ಲಿ ಬೀಜ ಆಗಿ ಎಷ್ಟು ಊರಿಗೆ ಹೋಗುತ್ತೆ ಹೇಳು. ಅಲ್ಲೆಲ್ಲ ಯಾವಳೋ ಒಬ್ಬಳು ನಲವತ್ತು ವರ್ಷ ನಡೀಬೇಕಾ? ಆಮೇಲೆ ನಂಗೇ ಕರೆ ಬರುತ್ತೆ, ಬಾ ತಾಯಿ, ನಮ್ಮ ಹೊಲಾನೂ ನಡಿ ಅಂತ. ಇರೋದು ಒಂದೂವರೆ ಮಂಡಿ."

ಎಡಗೈಯ ಎರಡು ಬೆರಳು ಬಾಯಿಗಿಟ್ಟು ಬೋಡಿಲ್ ಶಿಳ್ಳೆ ಹೊಡೆದರು. ಗುಡ್ಡದ ಕೆಳಗೆ ಮೂವರೂ ಒಟ್ಟಿಗೆ ತಲೆಯೆತ್ತಿದರು.

ಫ್ರೋಡೆ ಮತ್ತೆ ಹತ್ತಿ ಬಂದು ನೋಡಿ ಫೋನಿನಲ್ಲಿ ಗುರುತು ಹಾಕಿಕೊಂಡರು. ಅವರೂ ಬೋಡಿಲ್ಲೂ ಸೇರಿ ಆ ಇಳಿಜಾರನ್ನು ಇನ್ನೊಮ್ಮೆ ನಡೆದರು. ಹತ್ತಿರದಲ್ಲೇ ಬಾರ್ಲಿಗಿಂತ ಗಿಡ್ಡವಾಗಿ, ತೆನೆ ಇನ್ನೂ ಪೂರ್ತಿ ಹೊರಬರದ ಇನ್ನೆರಡು ಸಿಕ್ಕಿದವು. ವರ್ನರ್ ಅವನ್ನು ಕಂಡು, "ಬೀಗರ ಕಡೆಯವರೆಲ್ಲ ಬಂದಿದಾರೆ," ಎಂದರು. ಯಾರೂ ನಗಲಿಲ್ಲವೆಂದು ತಾವೇ ನಕ್ಕರು.

ಎಸ್ಕಿಲ್ ಗೇಟಿನ ಬಳಿ ಕ್ಯಾಪು ತೆಗೆದರು, ಮತ್ತೆ ಹಾಕಿಕೊಂಡರು. ಅವರ ಮುಖ ನೋಡುವುದು ಬೋಡಿಲ್‌ಗೆ ಕಷ್ಟವಾಯಿತು. "ಶಿಳ್ಳೆ ಹೊಡೀಲೇಬೇಕಿತ್ತಾ?" ಎಂದು ಎಸ್ಕಿಲ್ ಒಂದು ಸಲ ಕೇಳಿದರು. ಸ್ವಲ್ಪ ದೂರ ಹೋಗಿ, ಹಿಂದಿರುಗಿ ಬಂದು, "ಕುಯ್ಲಾದ ಮೇಲೆ ಉಳಲ್ಲ ಬಿಡು. ಹಕ್ಕಿಗೇ ಬಿಡ್ತೀನಿ," ಎಂದರು.

ಲಾವ್ರಿಟ್ಸ್ ಕೈ ಚಾಚಿ ಮೂರೂ ಗಿಡ ಇಸಿದುಕೊಂಡರು. ಕಣ್ಣಿಗೆ ತೀರ ಹತ್ತಿರ ಹಿಡಿದು ಒಂದೊಂದೇ ತಿರುಗಿಸಿದರು.

"ಕಾಳು ಉದುರಿದೆಯಾ?"

"ಇಲ್ಲ ಲಾವ್ರಿಟ್ಸ್. ಎಲ್ಲ ಹಸಿರು."

"ಹಾಗಿದ್ರೆ ಇವು ಮಕ್ಕಳಿಲ್ಲದೆ ಹೋದ್ವು." ಅವರ ಹೊಟ್ಟೆ ಕುಲುಕತೊಡಗಿತು. ಅಳುತ್ತಿದ್ದಾರೆಂದು ಬೋಡಿಲ್ ಕಿಟಕಿಗೆ ಬಗ್ಗಿದರು. ಅವರು ನಗುತ್ತಿದ್ದರು. "ಇದಕ್ಕೆ ಟೋಪಿಗುಡ್ಡ ಅಂತ ಸುಮ್ನೆ ಹೆಸರು ಬಂದಿಲ್ಲ ನೋಡು. ನಂಗೆ, ನಿಂಗೆ, ಸರ್ಕಾರಕ್ಕೆ, ಮೂರು ಜನಕ್ಕೂ ಒಂದೇ ದಿನ ಟೋಪಿ ಹಾಕ್ತು! ಇನ್ನೆಷ್ಟು ವರ್ಷ ಅಂದ ಆ ಉದ್ದನೆಯವನು?"

"ಎರಡು."

"ತೊಂಬತ್ನಾಲ್ಕು," ಎಂದು ಲಾವ್ರಿಟ್ಸ್ ಲೆಕ್ಕ ಹಾಕಿದರು. "ನಮ್ಮಮ್ಮ ತೊಂಬತ್ತೇಳು ಇದ್ಲು. ನೀನು ಮೊದಲು ಮಂಡಿ ಮಾಡಿಸ್ಕೊ, ಮಗಳೇ."

ಬೋಡಿಲ್ ಮೂರು ಗಿಡಗಳನ್ನು ಅವರ ಕೈಯಿಂದ ತಿರುಗಿ ತೆಗೆದುಕೊಂಡು, ಕಂಬಳಿಯ ಮೇಲೆ ಒಂದು ಕಾಳೂ ಬಿದ್ದಿಲ್ಲವೆಂದು ತಡವಿ ನೋಡಿ, ಚೀಲದ ಬಾಯಿ ಕಟ್ಟಿದರು. ಅಕ್ಟೋಬರಿನ ಆಪರೇಷನ್ನಿಗೆ ಮುಂಚೆ ಬೇರೆ ಏನಾದರೂ ಆಸೆಯಿದೆಯೇ ಎಂದು ಕೇಳಿದರೆ, "ಡಾಕ್ಟರು ಒಂದು ವರ್ಷ ಅಂದಿರೋದನ್ನ ಎಂಟು ತಿಂಗಳು ಮಾಡಿದ್ರೆ ಸಾಕು. ಜೂನ್ ಕೊನೆಗೆ ಸರಿಹೋಗುತ್ತೆ," ಎನ್ನುತ್ತಾರೆ.

ಟೋಪಿಗುಡ್ಡವನ್ನು ಚೊಕ್ಕ ಮಾಡಿ ಕೊಡುತ್ತೇನೆಂದು ಬೋಡಿಲ್ ಕ್ರಾಗ್ ಕೊಟ್ಟಿದ್ದ ಮಾತು ಈ ಬೇಸಿಗೆಯೂ ಉಳಿಯಲಿಲ್ಲ.